ಮಂದಿ ಕೂಡಿಸುವುದು

ಕಳೆದ ವಾರ ನಮ್ಮ ಕಚೇರಿಯ ಹೊಸ ಸಾಹೇಬರು ನಾನು ಬರೆದ ನೋಟೀಸಿನಲ್ಲಿ ಒಂದು ಶಬ್ದಕ್ಕೆ ಕೆಂಪು ಗೆರೆ ಎಳೆದು ವಾಪಸು ಕಳಿಸಿದರು. ಗೋಕಾಕಿನ ಈ ಕಚೇರಿಯಲ್ಲಿ ಇಪ್ಪತ್ತು ವರ್ಷಗಳಿಂದ ಸಭೆಯ ನೋಟೀಸು ಬರೆಯುವವಳು ನಾನೇ. ಸಾಹೇಬರು ಬದಲಾಗುತ್ತಾರೆ, ಫ್ಯಾನು ಬದಲಾಗುತ್ತದೆ, ನೋಟೀಸಿನ ಒಕ್ಕಣೆ ಮಾತ್ರ ನನ್ನದೇ. "ಬರುವ ಬುಧವಾರ ಮುಂಜಾನೆ ಹನ್ನೊಂದು ಗಂಟೆಗೆ ಸಭೆ ಕೂಡಿಸಲಾಗಿದೆ" ಎಂದು ಬರೆದಿದ್ದೆ. ಗೆರೆ ಬಿದ್ದದ್ದು ‘ಕೂಡಿಸಲಾಗಿದೆ’ಯ ಮೇಲೆ.

ಸಾಹೇಬರು ಮೈಸೂರು ಕಡೆಯವರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, ಮಾತು ಬಲು ಮೆತ್ತಗೆ. "ಮೇಡಂ, ಕೂಡಿಸೋದು ಅಂದ್ರೆ ಲೆಕ್ಕದಲ್ಲಿ ಅಲ್ವಾ? ಸಭೆಯನ್ನ ಕರೀತಾರೆ" ಎಂದರು.

"ನಮ್ಮ ಕಡೆ ಕೂಡಸ್ತಾರ್ರಿ ಸರ್" ಎಂದೆ.

"ಇರಬಹುದು. ಕರೆಯಲಾಗಿದೆ ಅಂತ ಮಾಡಿಬಿಡಿ."

ಮಾಡಿಬಿಟ್ಟೆ. ಅದರಲ್ಲೇನೂ ತಪ್ಪಿಲ್ಲ, ಪುಸ್ತಕದ ಕನ್ನಡದಲ್ಲಿ ಸಭೆಯನ್ನು ಕರೆಯುವುದೇ ರೂಢಿ. ಆದರೆ ನೋಡಿ, ಈ ‘ಕರೆ’ ಒಂದು ಕಡೆ ಗಟ್ಟಿಯಾಗಿ ನಿಲ್ಲುವ ಶಬ್ದವಲ್ಲ. ಎಮ್ಮೆಯ ಪಕ್ಕ ಕೂತರೆ ಹಾಲು ಕರೆಯುತ್ತೇವೆ. ಎಣ್ಣೆ ಕಾಯಿಸಿ ಒಂದು ಸ್ವರ ಬದಲಿಸಿದರೆ ಬಜಿ ಕರಿಯುತ್ತೇವೆ. ಕೆಲವು ಸಭೆಗಳಿಂದ ಎದ್ದು ಬಂದ ಮೇಲೆ, ನಮ್ಮನ್ನು ಅಲ್ಲಿ ಕರೆದರೋ, ಹಿಂಡಿದರೋ, ಎಣ್ಣೆಗೆ ಬಿಟ್ಟರೋ ಎಂದು ನನಗೇ ಅನುಮಾನ ಬಂದದ್ದುಂಟು. ‘ಕೂಡಿಸು’ ಹಾಗಲ್ಲ. ಅದರ ಮೇಲೆ ಬಿದ್ದ ಕೆಂಪು ಗೆರೆ ನನ್ನನ್ನು ಒಂದು ವಾರದಿಂದ ಘೋಡಗೇರಿಯಲ್ಲೇ ತಿರುಗಾಡಿಸುತ್ತಿದೆ.

ನಾನು ಬೆಳೆದದ್ದು ಮೂಡಲಗಿಯಲ್ಲಿ. ಅಪ್ಪನದು ಅಲ್ಲಿ ಹೊಲಿಗೆ ಅಂಗಡಿ. ಸೂಟಿ, ಅಂದರೆ ರಜೆ, ಬಿದ್ದರೆ ಮಾತ್ರ ಅವ್ವನ ತವರಾದ ಘೋಡಗೇರಿ. ಅಲ್ಲಿ ಅವ್ವನ ಅಣ್ಣ, ಶಿವಪುತ್ರ ಮಾಂವ, ಬೆಳಿಗ್ಗೆ ಚಹಾ ಕುಡಿಯುತ್ತ "ಇವತ್ತ ಮಂದೀನ ಕೂಡಸಬೇಕು" ಎನ್ನುತ್ತಿದ್ದುದು ನನ್ನ ಕಿವಿಯಲ್ಲಿ ಶಾಲೆಯ ಲೆಕ್ಕಕ್ಕಿಂತ ಮೊದಲೇ ಕೂತಿತ್ತು. ಹೀಗಾಗಿ ಎರಡನೆಯ ಇಯತ್ತೆಯಲ್ಲಿ ಮಾಸ್ತರರು ಹಲಗೆಯ ಮೇಲೆ ‘ಕೂಡಿಸಿರಿ’ ಎಂದು ಬರೆದಾಗ ನಾನು ಕೈ ಎತ್ತಿದೆ.

"ನಮ್ಮ ಮಾಂವಾನೂ ಕೂಡಸ್ತಾನ್ರಿ ಸರ್. ಮಂದೀನ ಕೂಡಸ್ತಾನ."

"ಕೂಡಿಸಿದ ಮ್ಯಾಲ ಎಷ್ಟ ಆಕ್ಕಾರ?"

"ಎಲ್ಲಾರೂ ಆಕ್ಕಾರ್ರಿ."

"ಎಲ್ಲಾರೂ ಅನ್ನೂದು ಅಂಕಿ ಅಲ್ಲವಾ ಕಸ್ತೂರಿ. ಕುಂದರ ಕೆಳಗ."

ತರಗತಿ ನಕ್ಕಿತು. ನಾನು ಕೂತೆ. ಇನ್ನೊಂದು ಗೊಂದಲ ಆಗಲೇ ಹುಟ್ಟಿತ್ತು: ನಮ್ಮ ಕಡೆ ಕೂತುಕೊಳ್ಳುವುದಕ್ಕೂ ‘ಕೂಡ್ರು’ ಎನ್ನುತ್ತಾರೆ, ಒಂದಾಗುವುದಕ್ಕೆ ‘ಕೂಡು’. ಇವೆರಡೂ ಒಂದೇ ಇರಬೇಕು, ಸುಮ್ಮನೆ ಎಲ್ಲರನ್ನೂ ಕೂಡ್ರಿಸಿದರೆ ಅವರು ಕೂಡಿದಂತೆಯೇ ಎಂದು ನಾನು ಬಹಳ ದಿನ ತಿಳಿದಿದ್ದೆ. ಈಗಿನ ಎಷ್ಟೋ ಸಭೆಗಳನ್ನು ನಡೆಸುವವರೂ ಹಾಗೇ ತಿಳಿದಂತೆ ಕಾಣುತ್ತದೆ.

ಮಾಂವ ಊರ ಗೌಡನಲ್ಲ, ಪಂಚಾಯಿತಿಯ ಮೆಂಬರನೂ ಅಲ್ಲ. ನಾಲ್ಕು ಎಕರೆ ಹೊಲ, ತಲೆಗೆ ಬಿಳಿ ಟೊಪ್ಪಿಗೆ, ಸದಾ ಕೈಯಲ್ಲಿ ಹೊಸೆಯುತ್ತಿರುವ ಒಂದು ಹಗ್ಗ. ಆದರೂ ಊರಲ್ಲಿ ಏನಾದರೂ ಮಾತು ಆಡಬೇಕಾದರೆ ಮಂದಿ ಕೂಡಿಸುವ ಕೆಲಸ ಅವನಿಗೇ ಬರುತ್ತಿತ್ತು. ಅವನು ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಮನೆಮನೆಗೆ ಹೋಗಿ ಕೂಡ್ರುತ್ತಿದ್ದ. ಬೆಳೆಯ ಮಾತು, ಎತ್ತಿನ ಮಾತು, ಮಗಳ ಬಾಣಂತನದ ಮಾತು. ಕೊಟ್ಟ ಚಹಾ ಬೇಡ ಎನ್ನುವಂತಿರಲಿಲ್ಲ. ಏಳುವಾಗ "ನಾಳಿ ಮುಂಜಾನಿ ಬರ್ರಿ, ಕೂಡೂಣು" ಅಷ್ಟೇ. ಇಡೀ ಓಣಿ ಮುಗಿಸಿ ಬಂದಾಗ ಹೊಟ್ಟೆಯಲ್ಲಿ ಹದಿನಾಲ್ಕು ಬಟ್ಟಲು ಚಹಾ. ಅತ್ತೆ ಊಟಕ್ಕೆ ಕರೆದರೆ "ಇವತ್ತ ಊಟ ಕುಡದ ಬಂದೇನಿ" ಎನ್ನುತ್ತಿದ್ದ.

ಒಮ್ಮೆ ಶಾಲೆಯ ಮಾಳಿಗೆ ಸೋರುತ್ತಿತ್ತು. ಊರವರೇ ಸೇರಿ ರಿಪೇರಿ ಮಾಡಬೇಕು. ಕಲ್ಲಪ್ಪ ಎಂಬ ರೈತನೊಬ್ಬ ಬದುವಿನ ತಂಟೆಯಿಂದ ಊರಿನ ಮೇಲೆ ಮುನಿದು ಕೂತಿದ್ದ. "ನಾ ಬರೂದಿಲ್ಲ. ನನ್ನ ಬಿಟ್ಟ ಕೂಡ್ರಿ" ಎಂದ. ಮಾಂವ ವಾದ ಮಾಡಲಿಲ್ಲ. ಮರುದಿನ ಮುಂಜಾನೆ ಗುಡಿಯ ಮುಂದಿನ ಸಭೆಗೆ ಹೋಗುವ ಬದಲು ಕಲ್ಲಪ್ಪನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯತೊಡಗಿದ.

"ನೀ ಯಾಕ ಹೋಗಿಲ್ಲೋ ಶಿವಪುತ್ರಾ?"

"ನೀ ಬರೂದಿಲ್ಲಂದಿ. ನೀ ಇಲ್ಲದ ಕೂಡೂದಿಲ್ಲ. ಕೂಡಲಾರದಲ್ಲಿಗೆ ಹೋಗಿ ಏನ್ ಮಾಡ್ಲಿ? ಇಲ್ಲೆ ನೆಳ್ಳ ಛಲೋ ಐತಿ."

ಸ್ವಲ್ಪ ಹೊತ್ತಿಗೆ ಗುಡಿಯ ಮುಂದೆ ಕಾದವರು ಮಾಂವನನ್ನು ಹುಡುಕಿಕೊಂಡು ಒಬ್ಬೊಬ್ಬರೇ ಆ ಕಟ್ಟೆಗೆ ಬಂದರು. ಬಂದವರು ಕೂತರು. ಹನ್ನೊಂದರ ಸುಮಾರಿಗೆ ಶಾಲೆಯ ಮಾಳಿಗೆಯ ಮಾತು ಮುಗಿದಿತ್ತು. ಮುನಿದ ಕಲ್ಲಪ್ಪ ಇಡೀ ಊರಿಗೆ ಚಹಾ ಮಾಡಿಸಿದ್ದ. ಬದುವಿನ ಮಾತು ಯಾರೂ ಎತ್ತಲೇ ಇಲ್ಲ. ನನಗೆ ಆ ದಿನದ ಚಹಾದ ಶುಂಠಿಯ ಖಾರ ಈಗಲೂ ಗಂಟಲಲ್ಲಿದೆ. ಆದರೆ ಇಂಥ ಮಾಂವನಿಗೆ ಒಂದು ಸಲ ಮಂದಿ ಕೂಡಿಸಲು ಆಗಲಿಲ್ಲ. ಆಗದಂತೆ ಮಾಡಿದವಳು ನಾನು. ಇಷ್ಟು ಹೊತ್ತು ಬಜಿ, ಚಹಾ ಎಂದು ಸುತ್ತಿ ಬಳಸಿದ್ದು ಈ ಮಾತಿಗೆ ಬರಲು ಕಾಲು ಹಿಂದೆ ಬಿದ್ದದ್ದರಿಂದ.

ಆಯಿ, ಅಂದರೆ ಅವ್ವನ ತಾಯಿ, ತೀರಿಕೊಂಡದ್ದು ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ, ಜಡಿಮಳೆಯ ದಿನಗಳಲ್ಲಿ. ಆಯಿಗೆ ಮೂವರು ಮಕ್ಕಳು. ಹಿರಿಯಳು ಬಾಳವ್ವ ದೊಡ್ಡವ್ವ; ಅವಳನ್ನು ಕಣಗಲಾಕ್ಕೆ ಕೊಟ್ಟಿತ್ತು. ನಡುವಿನವನು ಮಾಂವ. ಕಿರಿಯಳು ನನ್ನ ಅವ್ವ, ನೀಲವ್ವ. ಆಯಿಗೆ ಜಡ್ಡು ಜಾಸ್ತಿಯಾದ ಸುದ್ದಿ ತಿಳಿದು ನಾವು ಮೂಡಲಗಿಯಿಂದ ಹೋಗಿ ಮುಟ್ಟಿದೆವು. ಮರುದಿನ ಬೆಳಿಗ್ಗೆ ಅವಳ ಉಸಿರು ನಿಂತಿತು. ಕಣಗಲಾಕ್ಕೆ ಮೊದಲ ಬಸ್ಸಿಗೆ ಆಳು ಕಳಿಸಿದರು. ದಾರಿಯಲ್ಲಿ ಸೇತುವೆಯ ಮೇಲೆ ನೀರು ಬಂದು ಬಸ್ಸು ತಿರುಗಿತು. ಆತ ಸುತ್ತು ಹಾಕಿ ಅಲ್ಲಿ ಮುಟ್ಟಿದ್ದು ಮರುದಿನ ಬೆಳಿಗ್ಗೆ. ಇಲ್ಲಿ ಹಿರಿಯರು ಪದ್ಧತಿಯಂತೆ ಆಯಿಯನ್ನು ಚಪ್ಪರದಡಿ ಕಟ್ಟೆಯ ಮೇಲೆ ಕೂಡ್ರಿಸಿ ಸಂಜೆಯವರೆಗೆ ಕಾದು ನೋಡಿದರು. ಕಡೆಗೆ ಅವ್ವನೇ "ಇನ್ನ ಕಾಯೂದ ಬ್ಯಾಡ್ರಿ" ಎಂದಳು. ಮಣ್ಣು ಕೊಟ್ಟರು.

ದೊಡ್ಡವ್ವ ಬಂದಾಗ ಅದೇ ಮರುದಿನದ ಮಧ್ಯಾಹ್ನ. ಮನೆಗೂ ಬಾರದೆ ನೇರವಾಗಿ ಹೊಲದಲ್ಲಿದ್ದ ಸಮಾಧಿಯ ಹತ್ತಿರ ಹೋಗಿ ಹಸಿ ಮಣ್ಣಿನ ಮೇಲೆ ಅಂಗೈ ಊರಿ ಕೂತಳು. ಅಷ್ಟರಲ್ಲೇ ಯಾರೋ ಪುಣ್ಯಾತ್ಮರು ಅವಳ ಕಿವಿಗೆ ಆ ಮಾತು ಹಾಕಿದ್ದರು. ಹಿಂದೆಯೇ ಓಡಿಬಂದ ಅವ್ವನನ್ನು ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಕಾಯೂದ ಬ್ಯಾಡಂತ ನೀ ಹೇಳಿದೇನ?"

"ಹೇಳಿದೆ ಅಕ್ಕಾ."

ಅವ್ವ ಮುಂದೆ ಒಂದಕ್ಷರವನ್ನೂ ಕೂಡಿಸಲಿಲ್ಲ. ದೊಡ್ಡವ್ವ ಸೆರಗು ಕೊಡವಿ ಎದ್ದು, ತವರಿನಲ್ಲಿ ಒಂದು ಗುಟುಕು ನೀರೂ ಕುಡಿಯದೆ ಬಸ್ಸಿನ ಕಡೆ ನಡೆದಳು.

ಆ ವರ್ಷ ಮಾಂವ ಮೂರು ಸಲ ಕಣಗಲಾಕ್ಕೆ ಹೋಗಿ ಬಂದ. ಅವಳು ತಮ್ಮನಿಗೆ ಊಟ ಬಡಿಸುತ್ತಿದ್ದಳು. ತಂಗಿಯ ಹೆಸರು ಬಂದ ಕೂಡಲೇ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಆಯಿಯ ವರ್ಷದ ದಿನ ಹತ್ತಿರ ಬಂತು. ಅಂದು ಬಂಧುಬಳಗವನ್ನೆಲ್ಲ ಕೂಡಿಸಿ, ಎಲ್ಲರೆದುರು ಅಕ್ಕತಂಗಿಯರನ್ನು ಒಂದು ಮಾಡಬೇಕೆಂದು ಮಾಂವ ನಿಶ್ಚಯಿಸಿದ. ಉಳಿದ ಎಲ್ಲರ ಮನೆಗೂ ತಾನೇ ಹೋಗಿ ಹೇಳಿ ಬಂದ. ಕಣಗಲಾಕ್ಕೆ ಮಾತ್ರ ಹೋಗಲು ಧೈರ್ಯವಾಗದೆ ಒಂದು ಕಾರ್ಡು ಹಿಡಿದುಕೊಂಡು ಮೂಡಲಗಿಗೆ, ನನ್ನ ಹತ್ತಿರ ಬಂದ.

"ನಿನ್ನ ಅಕ್ಷರ ಮುತ್ತಿನಂಗದಾವು. ಬರಿಯವ್ವಾ" ಎಂದ. "ಅಕ್ಕಾ, ಅವ್ವನ ವರ್ಷದ ದಿನ ಬಾ. ನೀ ಬಂದ್ರ ನಾವು ಕೂಡತೀವಿ. ನೀ ಬರದಿದ್ರ ಕೂಡೂದಿಲ್ಲ. ಇಷ್ಟ ಸಾಕು."

ನಾನು ಒಂಬತ್ತನೆಯ ಇಯತ್ತೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಹೆಡ್‌ಮಾಸ್ತರರು ಪಾಲಕರ ಸಭೆಯ ನೋಟೀಸುಗಳನ್ನು ನನ್ನಿಂದಲೇ ಬರೆಸುತ್ತಿದ್ದರು. ಊರಿನ ಮಾತನ್ನು ಹಾಗೆಯೇ ಕಾಗದಕ್ಕೆ ಇಳಿಸುವುದು ನನಗೆ ನಾಚಿಕೆಯ ಕೆಲಸವಾಗಿ ಕಂಡಿತು. ಮಾಂವ ಅವ್ವ ಕೊಟ್ಟ ಅವಲಕ್ಕಿ ತಿನ್ನುತ್ತಿರುವಾಗ ನಾನು ನನ್ನ ಪಾಂಡಿತ್ಯವನ್ನೆಲ್ಲ ಕಾರ್ಡಿಗೆ ಸುರಿದೆ.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಾತೋಶ್ರೀಯವರ ವರ್ಷದ ದಿನ ಮುಂಜಾನೆ ಹತ್ತು ಗಂಟೆಗೆ ಸರಿಯಾಗಿ ಘೋಡಗೇರಿಯ ಸ್ವಗೃಹದಲ್ಲಿ ಬಂಧುಗಳ ಸಭೆಯನ್ನು ಕರೆಯಲಾಗಿದೆ. ಸದರಿ ಸಭೆಗೆ ತಾವು ತಪ್ಪದೆ ಹಾಜರಿರತಕ್ಕದ್ದು."

ಮಾಂವ ಒಳಗಿನಿಂದ ಕೂಗಿದ: "ಆಕಿ ಬರಾಕಬೇಕ ನೋಡವಾ. ಅದನ್ನ ಗಟ್ಟಿಯಾಗಿ ಬರಿ." ಗಟ್ಟಿಯಾಗಿ ಬರೆಯಲು ನನಗೆ ಗೊತ್ತಿದ್ದ ಸಾಲು ಒಂದೇ. ಅದನ್ನೂ ಸೇರಿಸಿದೆ: "ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರು." ಕೆಳಗೆ ಮಾಂವನ ಸಹಿ. ಅವನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ನನ್ನ ತಲೆ ಸವರಿ, ಪೋಸ್ಟಿನ ಡಬ್ಬಿಗೆ ಹಾಕಿ ಹೋದ. ಆ ಕಾಗದದ ಕನ್ನಡ ಎಷ್ಟು ಘನವಾಗಿತ್ತೆಂದು ನಾನು ಇಡೀ ದಿನ ಬೀಗುತ್ತಿದ್ದೆ.

ವರ್ಷದ ದಿನ ಘೋಡಗೇರಿಯ ಪಡಸಾಲೆಯಲ್ಲಿ ಮೂವತ್ತು ನಲವತ್ತು ಮಂದಿ. ಸ್ವಾಮಿಗಳ ಪೂಜೆ ಮುಗಿಯಿತು. ಹುಗ್ಗಿ, ಅನ್ನ, ಸಾರು ತಯಾರಾಯಿತು. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಮಾಂವ ಹೊರಗೆ ಹೋಗಿ ಬರುತ್ತಿದ್ದ. ಎರಡು ಗಂಟೆಯಾದರೂ ಎಲೆ ಹಾಕಲು ಬಿಡಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೊರಗಿನ ದಾರಿಯನ್ನಷ್ಟೇ ನೋಡುತ್ತಿದ್ದಳು. ಮಕ್ಕಳು ಹಸಿವಿನಿಂದ ಅಳತೊಡಗಿದಾಗ "ಬಡಸ್ರಿ" ಎಂದು ಮಾಂವ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕೂತುಬಿಟ್ಟ.

"ಕೂಡಲಿಲ್ಲವ್ವಾ ಕಸ್ತೂರಿ" ಎಂದ.

"ಇಷ್ಟ ಮಂದಿ ಕುಂತಾರಲಾ ಮಾಂವಾ?"

"ಕುಂತಾರ. ಕೂಡಿಲ್ಲ."

ಆ ಎರಡು ಶಬ್ದಗಳ ನಡುವೆ ಎಷ್ಟು ದೂರವಿದೆ ಎಂದು ಆಗ ನನಗೆ ಗೊತ್ತಾಯಿತು. ಆ ದೂರಕ್ಕೆ ನಾನೇ ಕಾರಣ ಎಂಬುದು ಗೊತ್ತಾಗಲಿಲ್ಲ.

ಅದಾದ ಮೇಲೆ ದೊಡ್ಡವ್ವ ತಮ್ಮನಿಗೂ ಬಾಗಿಲು ತೆರೆಯದಾದಳು. ವರ್ಷಗಳು ಹೋದವು. ನಮ್ಮ ಮನೆಯ ಮದುವೆಗಳಿಗೆ ಅವಳ ಮಗ ಬಂದು ಅಕ್ಷತೆ ಹಾಕಿ ಹೋಗುತ್ತಿದ್ದ, ಅವಳು ಬರುತ್ತಿರಲಿಲ್ಲ. ನನ್ನ ಮದುವೆಗೂ ಬರಲಿಲ್ಲ. ಅವ್ವ ಈ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಆದರೆ ಬಳೆಗಾರ್ತಿ ಮನೆಗೆ ಬಂದಾಗ ತನ್ನ ಕೈಗೆ ಬಳೆ ಇಡಿಸಿಕೊಂಡು, ಬುಟ್ಟಿಯೊಳಗಿನ ಸಣ್ಣ ಅಳತೆಯ ಹಸಿರು ಬಳೆಗಳನ್ನು ತೆಗೆದು ನೋಡಿ "ಇವು ನಮ್ಮ ಅಕ್ಕನ ಕೈಗೆ ಬರೋಬ್ಬರಿ ಆಕ್ಕಾವು. ಆಕಿ ಕೈ ಬಾಳ ಸಣ್ಣು" ಎಂದು ಮತ್ತೆ ಬುಟ್ಟಿಗೆ ಇಡುತ್ತಿದ್ದಳು. ಪ್ರತಿ ಸಲ. ಬಳೆಗಾರ್ತಿಗೆ ಅದು ಬಾಯಿಪಾಠವಾಗಿತ್ತು.

ಇಪ್ಪತ್ತೆರಡು ವರ್ಷ. ನಾನು ನೌಕರಿ ಸೇರಿ, ಇಬ್ಬರು ಮಕ್ಕಳ ತಾಯಿಯಾಗಿದ್ದೆ. ಒಂದು ಚುನಾವಣೆಗೆ ನನಗೆ ಡ್ಯೂಟಿ ಬಿದ್ದದ್ದು ಕಣಗಲಾದಲ್ಲಿ. ಶಾಲೆಯ ಕೋಣೆಯಲ್ಲಿ ಮತಗಟ್ಟೆ. ಬಂದವರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಹನ್ನೊಂದರ ಸುಮಾರಿಗೆ ಪಕ್ಕದ ಮೇಜಿನವರು ಪಟ್ಟಿ ನೋಡಿ "ಬಾಳವ್ವ" ಎಂದು ಹೆಸರು ಓದಿದರು. ನನ್ನ ಮುಂದೆ ಒಂದು ಸಣ್ಣ ಕೈ ಬಂತು. ತಲೆ ಎತ್ತಿದರೆ ಮಾಂವನದೇ ಮೂಗು.

ಶಾಯಿ ಹಚ್ಚಿದೆ. ಬೆರಳು ಬಿಡಲಾಗಲಿಲ್ಲ.

"ಬೆರಳ ಬಿಡವ್ವಾ, ಹಿಂದ ಮಂದಿ ನಿಂತಾರ" ಎಂದಳು.

"ದೊಡ್ಡವ್ವಾ, ನಾ ಕಸ್ತೂರಿ. ಮೂಡಲಗಿ ನೀಲವ್ವನ ಮಗಳು."

ಅವಳು ನನ್ನನ್ನು ಹಣೆಯಿಂದ ಗದ್ದದವರೆಗೆ ನೋಡಿದಳು. "ಇಲ್ಲಿ ಮಾತಾಡಾಕ ನಡೀತೈತೇನ?"

"ಇಲ್ಲ ದೊಡ್ಡವ್ವಾ."

"ಹಂಗಾರ ಸೂಟಿ ದಿನ ಮನಿಗೆ ಬಾ." ಅಷ್ಟು ಹೇಳಿ ಮತ ಹಾಕಲು ಹೋದಳು. ನಾನು ಹಚ್ಚಿದ ಶಾಯಿಯ ಗೆರೆ ಅವಳ ಬೆರಳ ಗೆಣ್ಣಿನವರೆಗೂ ಹರಿದಿತ್ತು.

ಮುಂದಿನ ರವಿವಾರ ಯಾರಿಗೂ ಹೇಳದೆ ಹೋದೆ. ದೊಡ್ಡವ್ವ ಶೇಂಗಾ ಹೋಳಿಗೆ ಮಾಡಿಟ್ಟಿದ್ದಳು. ಹೆದ್ದಾರಿಯ ಲಾರಿಗಳ ಸದ್ದು ಅಡುಗೆಮನೆಯವರೆಗೂ ಬರುತ್ತಿತ್ತು. ಅವಳು ಮೂಡಲಗಿಯ ನೀರು, ಮೂಡಲಗಿಯ ಸಂತೆ, ಮೂಡಲಗಿಯ ಬಿಸಿಲು ಎಲ್ಲವನ್ನೂ ವಿಚಾರಿಸಿದಳು. ಮೂಡಲಗಿಯಲ್ಲಿದ್ದ ತಂಗಿಯನ್ನು ಮಾತ್ರ ಬಿಟ್ಟು. ನಾನೇ ಕೇಳಿದೆ: "ಆಯಿ ವರ್ಷದ ದಿನ ಯಾಕ ಬರಲಿಲ್ಲ ದೊಡ್ಡವ್ವಾ? ಮಾಂವ ಎರಡ ಗಂಟಿತನಾ ಯಾರಿಗೂ ಬಡಸಾಕ ಬಿಡಲಿಲ್ಲ."

"ಬರಬೇಕಂತ ಸೀರಿ ಗಂಟ ಕಟ್ಟಿ ಇಟ್ಟಿದ್ದೆ" ಎಂದಳು. "ಅಷ್ಟರಾಗ ನಿಮ್ಮ ಮಾಂವನ ಕಾರ್ಡ ಬಂತು. ಮಗ ಓದಿದಾ. ಹಾಜರಿರತಕ್ಕದ್ದು! ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರು! ಒಂದಕ್ಷರ ಮರ್ತಿಲ್ಲ ನಾ. ಅಂವನ್ನ ಟೊಂಕದ ಮ್ಯಾಲ ಹೊತ್ತ ಆಡಿಸಿದಾಕಿ ನಾನು. ಸ್ವಂತ ಅವ್ವನ ಮಣ್ಣಿಗೆ ನನ್ನ ಕಾಯಲಿಲ್ಲ, ವರ್ಷದ ದಿನಕ್ಕ ಹಾಜರ್ ಆಗ ಅಂತಾರ. ನಾ ಏನ್ ಕೋರ್ಟಿಗೆ ಬರೂ ಆರೋಪಿನಾ?"

ಹೋಳಿಗೆಯ ತುಂಡನ್ನು ತಟ್ಟೆಯಲ್ಲೇ ಇಟ್ಟೆ. "ಅದು ನಾನು ಬರೆದದ್ದು" ಎಂದು ಹೇಳಬೇಕಿತ್ತು. ಹೇಳಲಿಲ್ಲ. ನೀರು ಕುಡಿದೆ, ಬಸ್ಸು ತಪ್ಪುತ್ತದೆ ಎಂದೆ, ಎದ್ದು ಬಂದೆ. ವರ್ಷಕ್ಕೆ ನೂರು ನೋಟೀಸು ಬರೆಯುವ ನನಗೆ ಅಂದು ಒಂದು ವಾಕ್ಯ ಹುಟ್ಟಲಿಲ್ಲ.

ಆದರೆ ಬಸ್ಸಿನಲ್ಲಿ ಕೂತ ಮೇಲೆ ಗೋಕಾಕದವರೆಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಹುಕ್ಕೇರಿಯಲ್ಲಿ ಇಳಿದು ಘೋಡಗೇರಿಗೆ ಹೋದೆ. ಮಾಂವ ಕಟ್ಟೆಯ ಮೇಲಿದ್ದ. ಟೊಪ್ಪಿಗೆಯ ಕೆಳಗೆ ಪೂರ್ತಿ ಬಿಳಿ ಕೂದಲು. ನಡೆದದ್ದನ್ನೆಲ್ಲ ಹೇಳಿ ಅತ್ತುಬಿಟ್ಟೆ.

"ನನಗ ಗೊತ್ತೈತಿ" ಎಂದ.

"ಏನ್ ಗೊತ್ತೈತಿ?"

"ಅಕ್ಕನ ಮಗ ಸಂಕೇಶ್ವರ ಸಂತ್ಯಾಗ ಸಿಕ್ಕಾಗ ಕಾರ್ಡಿನ ಮಾತ ಹೇಳಿದ್ದಾ. ಆಗಲೇ ಹದಿನೈದ ವರ್ಷ ಆತು."

"ಮತ್ತ ಅದನ್ನ ಕಸ್ತೂರಿ ಬರದಾಳಂತ ಯಾಕ ಹೇಳಲಿಲ್ಲ ಮಾಂವಾ?"

"ಸಣ್ಣ ಕೂಸಿನ ಹೆಸರ ಹೇಳಿ ನಾ ಪಾರಾಗಲ್ಯಾ? ಪೋಸ್ಟಿನ ಡಬ್ಬಿ ಮುಂದ ನಿಂತ ಪೂರಾ ಓದೇನಿ ನಾ. ಶ್ಯಾಣ್ಯಾ ಹುಡುಗಿ, ಎಷ್ಟ ಭಾರಿ ಬರದಾಳ, ಅಕ್ಕಗ ಮಾನ ಕೊಟ್ಟಂಗ ಆಕ್ಕೈತಿ ಅಂತ ನನಗೂ ಅನಿಸಿತ್ತು. ಸಹಿ ನಂದು. ಸಹಿ ಮಾಡಿದ ಮ್ಯಾಲ ಬರದಾವ್ರ ಯಾರಾದ್ರ ಏನು?" ಮತ್ತೆ ತಾನೇ ಹೇಳಿದ: "ನಿನ್ನ ತಪ್ಪಲ್ಲವಾ. ನನ್ನ ತಪ್ಪು. ಎಲ್ಲಾರ ಮನಿಗೂ ನಡಕೊಂತ ಹೋದೆ. ಅಕ್ಕನ ಮನಿಗೆ ಕಾಗದ ಕಳಿಸಿದೆ."

ಮುಂದಿನ ರವಿವಾರ ನಾವಿಬ್ಬರೂ ಕಣಗಲಾಕ್ಕೆ ಹೋದೆವು. ದೊಡ್ಡವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ತಮ್ಮನನ್ನು ನೋಡಿ ಬೆನ್ನು ತಿರುಗಿಸಿದಳು. ಮಾಂವ ಹೋಗಿ ಕಟ್ಟೆಯ ಮೇಲೆ ಕೂತ. ನಾನು ಅವಳ ಬೆನ್ನಿಗೇ ಹೇಳಿದೆ.

"ಆ ಕಾರ್ಡ ಬರದಾಕಿ ನಾ ದೊಡ್ಡವ್ವಾ. ಮಾಂವ ಹೇಳಿದ್ದು ಅದಲ್ಲ."

ಅವಳು ತಿರುಗಲಿಲ್ಲ. "ಏನ್ ಹೇಳಿದ್ದಾ?"

"ಅಕ್ಕಾ, ನೀ ಬಂದ್ರ ನಾವು ಕೂಡತೀವಿ, ನೀ ಬರದಿದ್ರ ಕೂಡೂದಿಲ್ಲ ಅಂತ."

ಮೆಣಸಿನಕಾಯಿ ಹರವುತ್ತಿದ್ದ ಕೈ ನಿಂತಿತು. ನನ್ನ ಕಡೆ ತಿರುಗಿ "ಅಷ್ಟ ಬರೀಲಾಕ ಏನಾಗಿತ್ತ ನಿನಗ?" ಎಂದಳು.

"ಅದು ಛಲೋ ಕನ್ನಡ ಅಲ್ಲ ಅನಿಸಿತ್ತು."

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಮೆಣಸಿನಕಾಯಿಯ ಕೈ ತಾಕಿ ಕಣ್ಣು ಇನ್ನಷ್ಟು ಉರಿದವು. "ಇಷ್ಟ ವರ್ಷ ಇಂವನ ಮ್ಯಾಲ ಇಟ್ಟ ಸಿಟ್ಟು, ಈಗ ಎಲ್ಲಿಡ್ಲಿ ನಾ?" ಎಂದು ನನ್ನನ್ನು ಕೇಳಿದಳು.

"ನನ್ನ ಮ್ಯಾಲ ಇರಲಿ ಬಿಡಕ್ಕಾ. ನನಗ ರೂಢಿ ಆಗೈತಿ" ಎಂದ ಮಾಂವ.

ಅವಳು ಅಳುತ್ತಲೇ ನಕ್ಕಳು. ಒಳಗೆ ಹೋಗಿ ನೀರು ತಂದು ತಮ್ಮನ ಮುಂದೆ ಇಟ್ಟಳು. "ನೀಲಿ ಬರ್ತಾಳೇನ?" ಎಂದು ಕೇಳಿದ್ದು ಆಮೇಲೆ.

ಮಾಂವ ಮರುದಿನವೇ ಮೂಡಲಗಿಗೆ ಹೋಗಿ ಅವ್ವನ ಮುಂದೆ ಕೂತ. ಆಮೇಲೆ ಘೋಡಗೇರಿಯಲ್ಲಿ ಮಂದಿ ಕೂಡಿಸಲು ಮತ್ತೆ ಎಲ್ಲರ ಮನೆಗೂ ಹೋದ. ಅರವತ್ತು ದಾಟಿ ಮೊಳಕಾಲು ನೋಯುತ್ತಿದ್ದವು, ಜೇಬಿನಲ್ಲಿ ಮೊಬೈಲಿತ್ತು, ಆದರೂ ಒಂದು ಫೋನೂ ಹಚ್ಚಲಿಲ್ಲ.

ಈಗ ಮಾಂವನಿಲ್ಲ. ಹೋಗಿ ನಾಲ್ಕು ವರ್ಷವಾಯಿತು. ಅದರ ಮುಂದಿನ ವರ್ಷ ದೊಡ್ಡವ್ವನೂ ಹೋದಳು. ಅವ್ವ ನನ್ನ ಜೊತೆ ಗೋಕಾಕದಲ್ಲಿದ್ದಾಳೆ. ನಮ್ಮ ಬಳಗ ದೊಡ್ಡದೇ. ಫೋನು ಮಾಡುವವರಿದ್ದಾರೆ, ಲಗ್ನಪತ್ರಿಕೆ ಕಳಿಸುವವರಿದ್ದಾರೆ, ಹೋದರೆ ಕುರ್ಚಿ ಕೊಡುವವರಿದ್ದಾರೆ. ಊಟ ಮಾಡಿ, ಫೋಟೋ ತೆಗೆಸಿಕೊಂಡು, ಬಿಸಿಲು ಇಳಿಯುವ ಮೊದಲೇ ಹೊರಡುತ್ತೇವೆ. ಯಾರಾದರೂ ನಮ್ಮ ಮನೆಗೆ ಬಂದು ಸುಮ್ಮನೆ ಕೂತು, ಎತ್ತಿನ ಮಾತು ಆಡಿ, ಏಳುವಾಗ "ಬರ್ರಿ, ಕೂಡೂಣು" ಎಂದಾರೇನೋ ಎಂದು ಕೆಲವು ರವಿವಾರ ನಾನು ಬಾಗಿಲನ್ನು ಅರ್ಧ ತೆರೆದೇ ಇಟ್ಟಿರುತ್ತೇನೆ. ಬರುವವರು ಯಾರೂ ಇಲ್ಲವೆಂದು ಗೊತ್ತು.

ಆದರೆ ಘೋಡಗೇರಿಯ ಆ ಮಧ್ಯಾಹ್ನವನ್ನು ನಾನು ಕಣ್ಣಾರೆ ನೋಡಿದ್ದೇನೆ. ಹನ್ನೆರಡು ಗಂಟೆಗೆ ದೊಡ್ಡವ್ವ ಮಗನ ಜೊತೆ ಬಂದಿಳಿದಳು. ಅಂಗಳದ ತುಂಬ ಮಂದಿ. ಎಲ್ಲರೂ ಸರಿದು ದಾರಿ ಬಿಟ್ಟರು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ಬಸ್ ಗದ್ದಲಿತ್ತೇನಕ್ಕಾ?" ಎಂದಳು.

"ಇಲ್ಲ. ಕುಂದರಾಕ ಜಾಗಾ ಸಿಕ್ತು" ಎಂದಳು ದೊಡ್ಡವ್ವ.

ಇಪ್ಪತ್ತೆರಡು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅಷ್ಟೇ. ಊಟವಾಯಿತು. ಗಂಡಸರು ಕಟ್ಟೆಯ ಮೇಲೆ ಅಡ್ಡಾದರು. ಅಕ್ಕತಂಗಿಯರಿಬ್ಬರೂ ಹಿತ್ತಲಿನ ಬೇವಿನ ನೆರಳಲ್ಲಿ ಚಾಪೆ ಹಾಕಿ ಕೂತರು. ನಾನು ಎಲೆ ಅಡಿಕೆಯ ತಟ್ಟೆ ಇಟ್ಟು ಅಲ್ಲೇ ಉಳಿದೆ.

"ಯಾಕ ಕಾಯಲಿಲ್ಲ ಅವತ್ತ?" ದೊಡ್ಡವ್ವ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವ್ವನ್ನ ಕಟ್ಟಿ ಮ್ಯಾಲ ಕೂಡ್ರಿಸಿದ್ರಲಾ, ಚಪ್ಪರ ಸೋರಿ ಆಕಿ ಮಾರಿ ಮ್ಯಾಲ ಮಳಿ ಬೀಳಾಕತ್ತಿತ್ತು. ಮುಂಜಾನಿಂದ ಸೆರಗ ಹಿಡಕೊಂಡ ನಿಂತಿದ್ದೆ ಅಕ್ಕಾ. ಸಂಜೀಕ ಕೈ ಸೋತು. ಅವ್ವ ತೊಯ್ಯೂದು ನೋಡಾಕ ಆಗಲಿಲ್ಲ ನನಗ."

"ಅವತ್ತ ಹೊಲದಾಗ ಕೇಳಿದೆನಲ್ಲ, ಹೇಳಬೇಕಿತ್ತಲ್ಲ."

"ನೀ ಕೇಳಿದ್ದು ಹೇಳಿದೇನೋ ಇಲ್ಲೋ ಅಂತ. ಯಾಕ ಅಂತ ಕೇಳಲಿಲ್ಲ."

ದೊಡ್ಡವ್ವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ತಂಗಿಯ ಕಡೆ ತಿರುಗಿದಳು. ಅವ್ವನ ಸೆರಗು ಜಾರಿ ತಲೆ ಬಯಲಾಗಿತ್ತು. ದೊಡ್ಡವ್ವ ಕೈ ಚಾಚಿ ಆ ಕೂದಲನ್ನು ಮುಟ್ಟಿದಳು. ಅವಳು ಕಡೆಯ ಸಲ ನೋಡಿದಾಗ ಅದು ಕರ್ರಗೆ ಸೊಂಟದವರೆಗಿತ್ತು.

"ಯಾವಾಗ ಬೆಳ್ಳಗಾದ್ವು ನಿನ್ನ ಕೂದಲಾ?"

"ನೀ ಇಲ್ಲದಾಗ" ಎಂದಳು ಅವ್ವ.

ದೊಡ್ಡವ್ವ ಸರಿದು ಅವಳ ಹಿಂದೆ ಕೂತು ತುರುಬು ಬಿಚ್ಚಿದಳು. ನಾನು ಎದ್ದು ಒಳಗೆ ಹೋಗಿ ಎಣ್ಣೆಯ ಬಟ್ಟಲನ್ನೂ ಹಣಿಗೆಯನ್ನೂ ತಂದು ಅವಳ ಕೈಗೆ ಕೊಟ್ಟೆ.